ಆದಿಲ್‌ಶಾಹ ಕ್ರೈಸ್ತನಾಗಿದ್ದರೆ ಉಮದಿಗೇನಾಗುತ್ತಿತ್ತು?

1557ರಲ್ಲಿ ಗೋವೆಯ ಜೆಸುಯಿಟ್ ಪಾದ್ರಿಗಳಿಗೆ ಒಂದು ದೊಡ್ಡ ಮನೆತನದ ಕುಡಿ ದಕ್ಕಿತು. ಬಿಜಾಪುರದ ಗಾದಿಗೆ ತಾನೇ ವಾರಸುದಾರನೆಂದು ಹೇಳಿಕೊಳ್ಳುತ್ತ ಪೋರ್ಚುಗೀಜರ ಆಶ್ರಯದಲ್ಲಿ ವರ್ಷಗಟ್ಟಲೆ ಕುಳಿತಿದ್ದ ಮೀರ್ ಅಲಿಯ ಮಗಳು, ತಂದೆ ಎಷ್ಟು ಕೂಗಾಡಿದರೂ ಕೇಳದೆ ದೀಕ್ಷಾಸ್ನಾನ ಪಡೆದಳು. ದೋನಾ ಮರಿಯಾ ಎಂಬ ಹೆಸರಿಟ್ಟುಕೊಂಡು ಪೋರ್ಚುಗೀಜನೊಬ್ಬನ ಕೈಹಿಡಿದಳು. ಪೋರ್ಚುಗೀಜರು ಮೆಯಾಲೆ ಎಂದು ಕರೆಯುತ್ತಿದ್ದ ಈ ಮೀರ್ ಅಲಿ ಆದಿಲ್‌ಶಾಹಿಯ ಮೂಲಪುರುಷ ಯೂಸುಫನ ಮಗನೆಂದು ಹೆಸರಾದವನು. ಅಂದರೆ ಬಿಜಾಪುರವನ್ನಾಳಿದ ತುರ್ಕ ವಂಶದ ಒಂದು ಕೊಂಬೆ ಆ ವರ್ಷ ನಿಜವಾಗಿಯೂ ಕ್ರೈಸ್ತವಾಯಿತು. ಎರಡು ವರ್ಷಗಳ ಹಿಂದಷ್ಟೇ, 1555ರಲ್ಲಿ, ಇದೇ ಮೀರ್ ಅಲಿಯನ್ನು ಬಿಜಾಪುರದ ಸುಲ್ತಾನನೆಂದು ಸಾರಿ ಪೋರ್ಚುಗೀಜರು ಸೈನ್ಯದೊಂದಿಗೆ ಘಟ್ಟದತ್ತ ಕಳಿಸಿದ್ದರು. ಆ ದಂಡು ಗೆದ್ದಿದ್ದರೆ, ಮಗಳ ದಾರಿಯನ್ನೇ ತಂದೆಯೂ ಹಿಡಿದಿದ್ದರೆ, ಕೃಷ್ಣೆ-ಭೀಮೆಗಳ ನಡುವಣ ನಾಡಿಗೆ ಕ್ರೈಸ್ತ ಸುಲ್ತಾನನೊಬ್ಬ ಬರುತ್ತಿದ್ದ. ಇತಿಹಾಸದಲ್ಲಿ ‘ಹೀಗಾಗಿದ್ದರೆ’ ಎಂಬ ಪ್ರಶ್ನೆಗಳಿಗೆ ಬೆಲೆಯಿಲ್ಲವೆಂದು ಮೂಗು ಮುರಿಯುವವರಿದ್ದಾರೆ. ಆದರೆ ಆಗದೇ ಹೋದದ್ದನ್ನು ಸರಿಯಾಗಿ ಕೇಳಿಕೊಂಡರೆ ಆದದ್ದು ಯಾತರ ಮೇಲೆ ನಿಂತಿತ್ತೆಂಬುದು ಕಾಣುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ಅರಮನೆಯಿಂದ ಕೇಳದೆ, ಬಿಜಾಪುರದ ಉತ್ತರಕ್ಕೆ, ಚಡಚಣದ ಮಗ್ಗುಲಲ್ಲಿರುವ ಒಂದು ಊರಿನಿಂದ ಕೇಳಬೇಕೆನಿಸುತ್ತದೆ. ಉಮದಿ ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ. ಕನ್ನಡ ಮಾತಾಡುವ ಊರು, ಮಳೆ ಕಡಿಮೆಯ ಜೋಳದ ಸೀಮೆ. ಬಿಜಾಪುರದ ಸುಲ್ತಾನನಿಗೆ ಅದು ಒಂದು ದಿನದ ಕುದುರೆ ಸವಾರಿಯಷ್ಟು ಹತ್ತಿರ.

ಮೊದಲು ವಂಶದ ಮಾತು. ಯೂಸುಫ್ ಆದಿಲ್ ಖಾನ್ ಆಟೊಮನ್ ಸುಲ್ತಾನ ಎರಡನೆಯ ಮುರಾದನ ಮಗ, ಅಣ್ಣ ಪಟ್ಟವೇರಿದಾಗ ಕೊಲೆಯಿಂದ ತಪ್ಪಿಸಿಕೊಂಡು ಇರಾನಿನ ಸಾವೆ ಪಟ್ಟಣದಲ್ಲಿ ಬೆಳೆದವನು ಎಂಬ ಕಥೆಯನ್ನು ಚರಿತ್ರಕಾರ ಫೆರಿಷ್ತಾ ಬರೆದಿಟ್ಟಿದ್ದಾನೆ. ಫೆರಿಷ್ತಾ ಅದನ್ನು ಬರೆದದ್ದು ಇದೇ ವಂಶದ ಇಮ್ಮಡಿ ಇಬ್ರಾಹಿಮನ ಆಸ್ಥಾನದಲ್ಲಿ, ಅವನ ಅನ್ನ ಉಂಡುಕೊಂಡು. ಹಾಗಾಗಿ ರಾಜಕುಮಾರನ ಕಥೆಯನ್ನು ಪೂರ್ತಿ ನಂಬುವವರು ಇಂದು ಕಡಿಮೆ. ಸಾವೆಯಿಂದ ಬಂದು, ಬೀದರದಲ್ಲಿ ಬಹಮನಿ ವಜೀರ ಮಹಮೂದ್ ಗವಾನನ ನೆರಳಿನಲ್ಲಿ ಮೇಲೇರಿದ ತುರ್ಕ ಸರದಾರ ಎಂಬಷ್ಟನ್ನು ಒಪ್ಪಬಹುದು. 1490ರ ಹೊತ್ತಿಗೆ ಬಿಜಾಪುರದಲ್ಲಿ ಸ್ವತಂತ್ರನಾದ. ಮರಾಠಾ ಮನೆತನದ ಹೆಣ್ಣನ್ನು ಮದುವೆಯಾದ. ಅವನ ಮಕ್ಕಳ ಮೈಯಲ್ಲಿ ಹರಿದದ್ದು ಅರ್ಧ ಈ ನೆಲದ ರಕ್ತವೇ. ಆದರೂ ಆಳ್ವಿಕೆಯ ಕೊಂಡಿ ಸಮುದ್ರದಾಚೆ ಇತ್ತು: ದಾಭೋಳ, ಗೋವೆಗಳಿಗೆ ಇಳಿಯುವ ಕುದುರೆಗಳು, ಹೊರ್ಮುಜಿನಿಂದ ಬರುವ ಸರದಾರರು, ಲೆಕ್ಕ ಬಲ್ಲ ಇರಾನಿ ದಿವಾನರು. ನನ್ನ ವಾದ ಇಲ್ಲಿಂದ ಹೊರಡುತ್ತದೆ. ದಖ್ಖನಿನ ಸುಲ್ತಾನನ ಮತ ಅವನು ಯಾರನ್ನು ಆಳುತ್ತಾನೆ ಎಂಬುದನ್ನು ಹೇಳುತ್ತಿರಲಿಲ್ಲ. ಯಾರನ್ನು ಕೆಲಸಕ್ಕೆ ಕರೆಯುತ್ತಾನೆ, ಯಾರೊಂದಿಗೆ ಬೀಗತನ ಬೆಳೆಸುತ್ತಾನೆ ಎಂಬುದನ್ನು ಹೇಳುತ್ತಿತ್ತು. ಕ್ರೈಸ್ತನಾದ ಆದಿಲ್‌ಶಾಹ ಉಮದಿಗೆ ಇಗರ್ಜಿಯನ್ನು ತರುತ್ತಿರಲಿಲ್ಲ. ತರುವುದಿದ್ದರೆ ಬೇರೇನನ್ನೋ ತರುತ್ತಿದ್ದ.

ಮತ ಬದಲಿಸುವುದು ಈ ವಂಶಕ್ಕೆ ಹೊಸದಲ್ಲ ಎಂಬುದೇ ನಮ್ಮ ಮೊದಲ ಸಾಕ್ಷ್ಯ. ಇರಾನಿನಲ್ಲಿ ಶಾಹ ಇಸ್ಮಾಯಿಲ್ ಶಿಯಾ ಪಂಥವನ್ನು ರಾಜಮತ ಮಾಡಿದ ಬೆನ್ನಲ್ಲೇ, 1502-03ರ ಸುಮಾರಿಗೆ, ಯೂಸುಫ್ ಬಿಜಾಪುರದಲ್ಲಿ ಶಿಯಾ ಖುತ್ಬಾ, ಅಂದರೆ ಶುಕ್ರವಾರದ ಪ್ರವಚನ, ಓದಿಸಿದ. ಬೀದರ, ಅಹಮದನಗರಗಳು ಕತ್ತಿ ಹಿರಿದು ಬಂದಾಗ ತಾತ್ಕಾಲಿಕವಾಗಿ ಹಿಂದೆ ಸರಿದ, ಗಂಡಾಂತರ ಕಳೆದ ಮೇಲೆ ಮತ್ತೆ ಅದನ್ನೇ ಹಿಡಿದ. ಮಗ ಇಸ್ಮಾಯಿಲ್ ಇನ್ನೂ ಮುಂದೆ ಹೋಗಿ ಸೈನಿಕರಿಗೆ ಇರಾನಿನ ಮಾದರಿಯ ಹನ್ನೆರಡು ಮೊನೆಯ ಕೆಂಪು ಟೊಪ್ಪಿ ತೊಡಿಸಿದ. 1534ರಲ್ಲಿ ಬಂದ ಮೊದಲನೆಯ ಇಬ್ರಾಹಿಮ್ ಟೊಪ್ಪಿಗಳನ್ನು ತೆಗೆಸಿ ಸುನ್ನಿ ಪಂಥಕ್ಕೆ ಮರಳಿದ. 1558ರಲ್ಲಿ ಅವನ ಮಗ ಅಲಿ ಪುನಃ ಶಿಯಾ. 1580ರಲ್ಲಿ ಅಲಿ ಕೊಲೆಯಾಗಿ, ಬಾಲಕ ಇಮ್ಮಡಿ ಇಬ್ರಾಹಿಮನ ಹೆಸರಿನಲ್ಲಿ ದಿಲಾವರ್ ಖಾನ್ ಅಧಿಕಾರ ಹಿಡಿದಾಗ ಪುನಃ ಸುನ್ನಿ. ಒಂದೇ ಶತಮಾನದೊಳಗೆ ಇಷ್ಟು ಹೊರಳಾಟ. ಪ್ರತಿಯೊಂದು ಹೊರಳಿಕೆಯಲ್ಲೂ ಬದಲಾದದ್ದೇನೆಂದು ನೋಡಿದರೆ ಉತ್ತರ ಒಂದೇ: ಪಗಾರಪಟ್ಟಿ. ಶಿಯಾ ಆದಾಗ ಇರಾನಿನಿಂದ ಬಂದ ಪರದೇಶಿ ಸರದಾರರಿಗೆ ಸುಗ್ಗಿ, ಸುನ್ನಿ ಆದಾಗ ಇಲ್ಲೇ ನೆಲೆನಿಂತ ದಖ್ಖನಿಗಳಿಗೂ ಹಬಶಿಗಳಿಗೂ ಸುಗ್ಗಿ. ಮೊದಲನೆಯ ಇಬ್ರಾಹಿಮ್ ಕೆಲವು ನೂರು ಮಂದಿಯನ್ನು ಉಳಿಸಿಕೊಂಡು ಮಿಕ್ಕ ಪರದೇಶಿಗಳನ್ನು ಕೈಬಿಟ್ಟಾಗ ಅವರನ್ನು ಕರೆದು ಸೇನೆಗೆ ಸೇರಿಸಿಕೊಂಡವನು ವಿಜಯನಗರದ ರಾಮರಾಯ. ಅವರು ಯಾವ ಪಂಥದವರೆಂದು ಅವನೇನೂ ಕೇಳಲಿಲ್ಲ. ಅದೇ ಇಬ್ರಾಹಿಮ್ ರಾಜ್ಯದ ಲೆಕ್ಕಪತ್ರಗಳನ್ನು ಫಾರಸಿಯಿಂದ ದೇಶೀ ಭಾಷೆಗೆ ಇಳಿಸಿ ಬ್ರಾಹ್ಮಣ ಕಾರಕೂನರ ಕೈಗೆ ಕೊಟ್ಟನೆಂದು ಫೆರಿಷ್ತಾ ಹೇಳುತ್ತಾನೆ. ನನಗನಿಸುವಂತೆ ಉಮದಿಯಂಥ ಊರಿನ ಮಟ್ಟಿಗೆ ಅವನ ಆಳ್ವಿಕೆಯ ಅತಿ ದೊಡ್ಡ ಸುದ್ದಿ ಇದೇ. ಪಂಥದ ಬದಲಾವಣೆ ಊರ ಚಾವಡಿಯ ಮಾತಿಗೆ ಒಂದು ವಾರ ಬಂದಿದ್ದರೆ ಹೆಚ್ಚು.

ಹಾಗಾದರೆ ಸುಲ್ತಾನ ಕ್ರೈಸ್ತನಾಗಿದ್ದರೆ ಪಗಾರಪಟ್ಟಿಯಲ್ಲಿ ಯಾರಿರುತ್ತಿದ್ದರು? ಇಲ್ಲಿಯೇ ಆ ಕಲ್ಪನೆ ಎಡವುತ್ತದೆ. ಗೋವೆಯಿಂದ ಬಿಜಾಪುರಕ್ಕೆ ಯುರೋಪಿನ ಸಿಪಾಯಿಗಳು, ಗೋಲಂದಾಜರು ಬರುತ್ತಲೇ ಇದ್ದರು. ಆದರೆ ಬರುವಾಗ ಮುಸಲ್ಮಾನರಾಗಿ ಬರುತ್ತಿದ್ದರು. 1512ರಲ್ಲಿ ಗೋವೆಯ ಬೆನಸ್ತರಿ ಕೋಟೆ ಶರಣಾದಾಗ ಒಳಗೆ ಸಿಕ್ಕ ಇಂಥವರ ಮೂಗು-ಕಿವಿಗಳನ್ನು ಪೋರ್ಚುಗೀಜ್ ಗವರ್ನರ್ ಅಲ್ಬುಕರ್ಕ್ ಕೊಯ್ಯಿಸಿದ. ಮತಾಂತರದ ಹೊಳೆ ಗೋವೆಯಿಂದ ಬಿಜಾಪುರದತ್ತ ಹರಿಯುತ್ತಿತ್ತು, ತಿರುಗಿ ಹರಿದದ್ದು ಅಪರೂಪ. ಅದಕ್ಕೆ ಕಾರಣ ಸರಳ: ಸಂಬಳ, ಕುದುರೆ, ಜಹಗೀರು ಕೊಡಬಲ್ಲ ಧಣಿ ಇದ್ದದ್ದು ಬಿಜಾಪುರದಲ್ಲಿ. ಲಿಸ್ಬನ್ನಿನಿಂದ ವರ್ಷಕ್ಕೊಮ್ಮೆ ಬರುವ ಕೆಲವೇ ಹಡಗುಗಳ ಜನರನ್ನು ನಂಬಿ ಸಾವಿರಾರು ಸವಾರರ ಸೈನ್ಯ ಕಟ್ಟಲಾಗದು. ಇತ್ತ ಕ್ರೈಸ್ತನಾದ ಸುಲ್ತಾನನಿಗೆ ಇರಾನಿನ ದಾರಿ ಮುಚ್ಚುತ್ತಿತ್ತು, ಹಜ್ಜಿನ ಹಡಗಿನ ಗೌರವ ತಪ್ಪುತ್ತಿತ್ತು, ಅಹಮದನಗರ ಗೋಲ್ಕೊಂಡಗಳಿಗೆ ಧರ್ಮಯುದ್ಧದ ನೆಪ ಸಿಗುತ್ತಿತ್ತು. ಶಿಯಾ ಖುತ್ಬಾ ಓದಿಸಿದ್ದಕ್ಕೇ ಯೂಸುಫ್ ರಾಜ್ಯ ಬಿಟ್ಟು ಬೀರಾರದವರೆಗೆ ಓಡಬೇಕಾಯಿತು ಎಂಬುದನ್ನು ಮರೆಯಬಾರದು.

ಇದು ಬರೀ ಊಹೆಯಲ್ಲ ಎನ್ನುವುದಕ್ಕೆ ಅದೇ ದಶಕದ ನೆರೆಹೊರೆಯೇ ಸಾಕ್ಷಿ. ಮಲಬಾರಿನ ತಾನೂರಿನ ಅರಸು 1549ರಲ್ಲಿ ಗುಟ್ಟಾಗಿ ಕ್ರೈಸ್ತನಾಗಿ, ಗೋವೆಗೆ ಬಂದು ಮೆರವಣಿಗೆ ಮಾಡಿಸಿಕೊಂಡು ಹೋದ. ಊರಿಗೆ ಹೋದ ಮೇಲೆ ಅವನ ರಾಜ್ಯ ಮೊದಲಿನಂತೆಯೇ ನಡೆಯಿತು. ಮಾಲ್ದೀವಿನ ಸುಲ್ತಾನ ಹಸನ್ 1552ರಲ್ಲಿ ಕೊಚ್ಚಿಯಲ್ಲಿ ದೀಕ್ಷೆ ಪಡೆದು ದೋಮ್ ಮನೊಯೆಲ್ ಆದ. ನೀವೂ ಕ್ರೈಸ್ತರಾಗಿ ಎಂದು ಅವನು ಹೇಳಿಕಳಿಸಿದರೆ ದ್ವೀಪದ ಜನ ಸೊಪ್ಪು ಹಾಕಲಿಲ್ಲ, ಅವನು ಪರದೇಶದಲ್ಲೇ ಉಳಿಯಬೇಕಾಯಿತು. ಸಿಂಹಳದ ಕೋಟ್ಟೆಯ ಅರಸ ಧರ್ಮಪಾಲ ಕ್ರೈಸ್ತನಾದದ್ದು 1557ರಲ್ಲಿ, ಮೀರ್ ಅಲಿಯ ಮಗಳ ದೀಕ್ಷೆಯಾದ ವರ್ಷವೇ. ಪ್ರಜೆಗಳು ಅವನನ್ನು ತೊರೆದು ಸೀತಾವಕದ ಅರಸನ ಕಡೆ ವಾಲಿದರು. ಅವನು ಪೋರ್ಚುಗೀಜರ ಕೋಟೆಯ ಆಶ್ರಯದಲ್ಲಿ ದಿನ ದೂಡಿ, 1580ರಲ್ಲಿ ರಾಜ್ಯವನ್ನೇ ಪೋರ್ಚುಗಲ್ಲಿನ ದೊರೆಗೆ ಬರೆದುಕೊಟ್ಟ. ತುರ್ಕ ವಂಶಗಳ ಕಥೆಯೂ ಬೇರೆಯಲ್ಲ. ಅನಾತೋಲಿಯದ ಸೆಲ್ಜುಕ್ ಸುಲ್ತಾನ ಕೈಖುಸ್ರೋ ಸಿಂಹಾಸನ ಕಳೆದುಕೊಂಡು ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದಾಗ ದೀಕ್ಷಾಸ್ನಾನ ಪಡೆದನೆಂದು ಬೈಜಾಂಟಿಯಮ್ಮಿನ ಚರಿತ್ರಕಾರ ಅಕ್ರೊಪೊಲಿಟೀಸ್ ಬರೆಯುತ್ತಾನೆ. 1205ರಲ್ಲಿ ಸಿಂಹಾಸನ ಮರಳಿ ಸಿಕ್ಕಿದಾಗ ಅವನು ಮುಸಲ್ಮಾನ ಸುಲ್ತಾನನಾಗಿಯೇ ಆಳಿದ, ಕ್ರೈಸ್ತ ಗ್ರೀಕರ ಮೇಲೆ ಯುದ್ಧ ಮಾಡುತ್ತಲೇ 1211ರಲ್ಲಿ ಸತ್ತ. ಅವನ ವಂಶದ ಇಮ್ಮಡಿ ಕೈಕಾವುಸ್ ಕೂಡ ದೇಶಭ್ರಷ್ಟನಾಗಿ ಅಲ್ಲಿಗೇ ಹೋದ, ಅವನ ಮನೆಯವರಲ್ಲಿ ಕೆಲವರು ಅಲ್ಲೇ ಕ್ರೈಸ್ತರಾಗಿ ಉಳಿದರು. ಆಟೊಮನ್ ರಾಜಕುಮಾರ ಜೆಮ್ ಯುರೋಪಿನ ಸೆರೆಯಲ್ಲಿ ಹದಿಮೂರು ವರ್ಷ ಕಳೆದರೂ ಮತ ಬಿಡಲಿಲ್ಲ. ರೋಡ್ಸ್ ದ್ವೀಪದಲ್ಲಿ ಕ್ರೈಸ್ತನಾಗಿ ಬಾಳಿದವನು ಅವನ ಮಗ. ಕ್ರೈಸ್ತನಾಗುವವನು ಬಹುಮಟ್ಟಿಗೆ ಸಿಂಹಾಸನದ ಮೇಲೆ ಕೂತವನಲ್ಲ, ಅದರಿಂದ ಇಳಿಸಲ್ಪಟ್ಟವನು. ಕೂತೇ ಬಹಿರಂಗವಾಗಿ ಆದವನಿದ್ದರೆ ಬೇಗ ಬಲ ಕಳೆದುಕೊಳ್ಳುತ್ತಾನೆ. ಗೋವೆಯ ಮೀರ್ ಅಲಿಯ ಮನೆ ಈ ಮಾದರಿಗೆ ಸರಿಯಾಗಿ ಹೊಂದುತ್ತದೆ.

ಇದಕ್ಕೆ ಬಲವಾದ ಆಕ್ಷೇಪವಿದೆ. ಹುಲ್ಲುಗಾವಲಿನ ತುರ್ಕ ಕುಲಗಳು ಕ್ರೈಸ್ತವಾದದ್ದುಂಟಲ್ಲ? ಕುಮನ್ ನಾಯಕ ಬೊರ್ಚ್ 1227ರಲ್ಲಿ ಹಂಗೇರಿಯ ಬಿಷಪ್ಪರ ಕೈಯಿಂದ ದೀಕ್ಷೆ ಪಡೆದ. ಅದಕ್ಕೂ ಎರಡು ಶತಮಾನ ಮೊದಲೇ ಮಂಗೋಲಿಯದ ಕೆರಾಯಿತರು ನೆಸ್ಟೋರಿಯನ್ ಕ್ರೈಸ್ತರಾಗಿದ್ದರು. ನಿಜ. ಆದರೆ ಅವರು ಹಳೆಯ ಕುಲದೇವತೆಗಳ ನಂಬಿಕೆಯಿಂದ, ತಮ್ಮ ವ್ಯಾಪಾರದ ಹಾದಿಯಲ್ಲೋ ಆಶ್ರಯದ ನೆಲದಲ್ಲೋ ಆಗಲೇ ಬೇರೂರಿದ್ದ ಮತಕ್ಕೆ ಹೋದವರು. 1295ರಲ್ಲಿ ಇರಾನಿನ ಮಂಗೋಲ್ ದೊರೆ ಗಜಾನ್ ಮುಸಲ್ಮಾನನಾದಾಗಲೂ ಅವನ ಸೈನಿಕರಲ್ಲಿ ಎಷ್ಟೋ ಮಂದಿ ಅವನಿಗಿಂತ ಮೊದಲೇ ಆ ದಾರಿ ಹಿಡಿದಿದ್ದರು. ದೊರೆ ಸೈನ್ಯದ ಹಿಂದೆ ನಡೆಯುತ್ತಾನೆ. ಬಿಜಾಪುರದ ಸೈನ್ಯ ಗೋವೆಯ ಹಿಂದೆ ನಡೆಯುವ ಯಾವ ಲಕ್ಷಣವೂ ಇರಲಿಲ್ಲ. ಇನ್ನೊಂದು ಆಕ್ಷೇಪ ಅಲಿ ಆದಿಲ್‌ಶಾಹನದೇ. ಅವನು ಗೋವೆಯಿಂದ ಪಾದ್ರಿಗಳನ್ನು ಕರೆಸಿಕೊಂಡ. 1561ರಲ್ಲಿ ಜೆಸುಯಿಟ್ ಗೊನ್ಸಾಲೊ ರೊದ್ರಿಗಿಸ್ ಮತ್ತೊಬ್ಬ ದೊಮಿನಿಕನ್ ಪಾದ್ರಿಯೊಂದಿಗೆ ಬಿಜಾಪುರಕ್ಕೆ ಹೋದ. ಪಾದ್ರಿಗಳಿಗೆ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಅಲಿ ಗ್ರಂಥಗಳನ್ನೂ ಜ್ಯೋತಿಷಿಗಳನ್ನೂ ಸೂಫಿಗಳನ್ನೂ ಬ್ರಾಹ್ಮಣರನ್ನೂ ಒಂದೇ ಹಸಿವಿನಿಂದ ಕೂಡಿಹಾಕಿದವನು. ನುಜೂಮ್ ಅಲ್ ಉಲೂಮ್ ಎಂಬ ಚಿತ್ರಮಯ ಜ್ಯೋತಿಷಗ್ರಂಥ ಸಿದ್ಧವಾದದ್ದು ಅವನ ಕಾಲದಲ್ಲೇ, 1570ರಲ್ಲಿ. ಅದೇ ವರ್ಷ ಅವನು ಗೋವೆಗೆ ಮುತ್ತಿಗೆ ಹಾಕಿದ. ಪಾದ್ರಿಗಳ ವಾದ ಕೇಳಿದ್ದು ಕುತೂಹಲಕ್ಕೆ, ಗೋವೆಯ ಬಾಗಿಲು ಬಡಿದದ್ದು ರಾಜಕಾರಣಕ್ಕೆ. ಎರಡನ್ನೂ ಅವನು ಗೊಂದಲ ಮಾಡಿಕೊಂಡಿರಲಿಲ್ಲ.

ಇನ್ನು ಊರಿಗೆ ಬರೋಣ. ಉಮದಿಯ ಕಡೆಯಿಂದ ನೋಡಿದರೆ ರಾಜ್ಯವೆಂದರೆ ಸುಲ್ತಾನನಲ್ಲ, ದೇಶಮುಖ ಮತ್ತು ದೇಶಪಾಂಡೆ, ಗೌಡ ಮತ್ತು ಕುಲಕರ್ಣಿ. ದೇಶಮುಖ ವಸೂಲಿಗೆ ನಿಲ್ಲುವವನು, ದೇಶಪಾಂಡೆ ಪರಗಣೆಯ ಲೆಕ್ಕ ಇಡುವವನು. ಇಬ್ಬರದೂ ವಂಶಪಾರಂಪರ್ಯದ ವತನ. ಯಾವ ಗಾದಿಯವನೂ ಇವರನ್ನು ಕಿತ್ತುಹಾಕಿ ಕಂದಾಯ ಎತ್ತಲಾರ, ಏಕೆಂದರೆ ಯಾವ ಹೊಲದಲ್ಲಿ ಎಷ್ಟು ಕೂರಿಗೆ ನೆಲ, ಯಾವುದು ಇನಾಮು, ಯಾವುದು ಬೀಳು ಎಂಬುದು ಇವರ ದಫ್ತರಿನಲ್ಲೂ ತಲೆಯಲ್ಲೂ ಇತ್ತು. ಜತ್ತ ಸೀಮೆಯ ಡಫಳೆ ಮನೆತನವನ್ನೇ ನೋಡಿ. ಡಫಳಾಪುರದ ಪಾಟೀಲಕಿಯಿಂದ ಹೊರಟು, ಆದಿಲ್‌ಶಾಹಿಯ ಕೊನೆಗಾಲದಲ್ಲಿ ಸಟವಾಜಿಯ ಕೈಯಲ್ಲಿ ದೇಶಮುಖಿಗೇರಿ, 1686ರಲ್ಲಿ ಔರಂಗಜೇಬ ಬಿಜಾಪುರ ಗೆದ್ದ ಮೇಲೆ ಮೊಗಲರ ಸೇವೆಗೆ ಸೇರಿ, ಮುಂದೆ ಮರಾಠರ ಅಧೀನದಲ್ಲಿದ್ದು, 1820ರಲ್ಲಿ ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಕೊಂಡು, 1948ರವರೆಗೆ ಜತ್ತದ ಸಂಸ್ಥಾನಿಕರಾಗಿ ಉಳಿದರು. ಇಷ್ಟರಲ್ಲಿ ಅವರ ಮೇಲಿನ ಧಣಿಗಳು ಶಿಯಾ-ಸುನ್ನಿಗಳ ನಡುವೆ ಹೊಯ್ದಾಡಿದ ಮನೆತನದವರು, ಕಟ್ಟಾ ಸುನ್ನಿ, ಹಿಂದೂ, ಕೊನೆಗೆ ಕ್ರೈಸ್ತರು. ಹೌದು, ಕ್ರೈಸ್ತ ದೊರೆ ಜತ್ತಕ್ಕೆ ಬಂದೇ ಬಂದ, ಎರಡೂವರೆ ಶತಮಾನಕ್ಕೂ ಹೆಚ್ಚು ತಡವಾಗಿ, ಲಂಡನ್ನಿನಿಂದ. ಆಗಲೂ ಉಮದಿ ಇಗರ್ಜಿಯ ಊರಾಗಲಿಲ್ಲ. ಬದಲಿಗೆ ಆ ಕಾಲದಲ್ಲೇ ಅಲ್ಲಿನ ದೇಶಪಾಂಡೆ ಮನೆತನದ ವೆಂಕಟೇಶ ಖಂಡೇರಾವ್, 1843ರಲ್ಲಿ ಹುಟ್ಟಿ ಮುಂದೆ ಭಾವೂಸಾಹೇಬ ಮಹಾರಾಜರೆಂದು ಹೆಸರಾದವರು, ಲಿಂಗಾಯತ ಸಂತ ನಿಂಬರಗಿ ಮಹಾರಾಜರಿಂದ ನಾಮದೀಕ್ಷೆ ಪಡೆದು ಇಂಚಗೇರಿ ಸಂಪ್ರದಾಯವನ್ನು ಕಟ್ಟಿದರು. ಅವರ ಶಿಷ್ಯರಲ್ಲಿ ಜಮಖಂಡಿಯ ತತ್ತ್ವಜ್ಞಾನಿ ರಾ. ದ. ರಾನಡೆ ಒಬ್ಬರು. ಲೆಕ್ಕದ ಮನೆತನದ ಬ್ರಾಹ್ಮಣನೊಬ್ಬ ಲಿಂಗಾಯತ ಗುರುವಿನ ಕಾಲಿಗೆ ಬೀಳುವುದು ಯಾವ ರಾಜಾಜ್ಞೆಯಿಂದಲೂ ಆಗುವಂಥದ್ದಲ್ಲ. ಅದಕ್ಕೆ ಬೇಕಾದ ನೆಲವನ್ನು ಈ ಸೀಮೆ ಬಹಳ ಹಿಂದಿನಿಂದ ಹದ ಮಾಡಿಕೊಂಡಿತ್ತು. ಬಿಜ್ಜಳನ ಮಂಗಳವೇಢೆ ಇಲ್ಲೇ ಉತ್ತರಕ್ಕಿದೆ. ಶರಣೆ ದಾನಮ್ಮ ಹುಟ್ಟಿದ ಉಮರಾಣಿಯೂ ಅವಳ ಗುಡಿಯಿರುವ ಗುಡ್ಡಾಪುರವೂ ಇದೇ ಜತ್ತ ತಾಲೂಕಿನವು.

ಆದರೆ ಗೋವೆಯನ್ನು ಮುಂದಿಟ್ಟರೆ ನನ್ನ ವಾದ ಅಲುಗಾಡುತ್ತದೆ. 1543ರ ಹೊತ್ತಿಗೆ ಆದಿಲ್‌ಶಾಹನಿಂದ ಪೋರ್ಚುಗೀಜರ ಕೈಸೇರಿದ ಬಾರ್ದೇಶ ಮತ್ತು ಸಾಷ್ಟಿ ಪ್ರಾಂತಗಳು ಒಂದೆರಡು ತಲೆಮಾರಿನಲ್ಲೇ ಬಹುಮಟ್ಟಿಗೆ ಕ್ರೈಸ್ತವಾದವು. ಅದೇ ರಾಜ್ಯದ ಹಳ್ಳಿಗಳು, ಅಂಥವೇ ವತನದಾರರು. ಮೀರ್ ಅಲಿಯನ್ನು ತಮ್ಮ ಬಳಿ ಇಟ್ಟುಕೊಂಡು ಇಬ್ರಾಹಿಮನನ್ನು ಬೆದರಿಸಿಯೇ ಪೋರ್ಚುಗೀಜರು ಆ ಪ್ರಾಂತಗಳನ್ನು ಪಡೆದರೆಂಬುದು ಈ ಕಥೆಯ ವ್ಯಂಗ್ಯ. ದೊರೆಯ ಮತ ಹಳ್ಳಿಯನ್ನು ಮುಟ್ಟುವುದಿಲ್ಲವೆಂದರೆ ಇದು ಹೇಗಾಯಿತು? ಆದದ್ದು ದೊರೆಯ ಮತದಿಂದಲ್ಲ. ಬಾರ್ದೇಶದಲ್ಲಿ ಫ್ರಾನ್ಸಿಸ್ಕನ್ನರು, ಸಾಷ್ಟಿಯಲ್ಲಿ ಜೆಸುಯಿಟರು ಊರೂರಿಗೆ ಬಂದು ಕೂತರು. ದೇವಸ್ಥಾನಗಳನ್ನು ಕೆಡವಿ ಅವುಗಳ ಭೂಮಿಯನ್ನು ಇಗರ್ಜಿಗೆ ಬರೆಸಿಕೊಂಡರು. 1560ರಿಂದ ಇನ್‌ಕ್ವಿಸಿಷನ್ ಬಂತು. ಹಿಂದೆ ಫಿರಂಗಿ ಹೊತ್ತ ಹಡಗುಗಳಿದ್ದವು. ಅಷ್ಟೆಲ್ಲ ಬಲ ಸುರಿದದ್ದು ಅಂಗೈಯಗಲದ ನೆಲದ ಮೇಲೆ. ಆದರೂ 1583ರಲ್ಲಿ ಕುಂಕಳ್ಳಿಯ ಗಾಂವಕರರು ಐವರು ಜೆಸುಯಿಟರನ್ನು ಕೊಂದರು. ಆದರೂ ಮಂಗೇಶ, ಶಾಂತಾದುರ್ಗೆಯರು ಹೊಳೆ ದಾಟಿ ಫೋಂಡಾಕ್ಕೆ, ಅಂದರೆ ಮುಸಲ್ಮಾನ ಆದಿಲ್‌ಶಾಹನ ನೆಲಕ್ಕೆ, ಹೋಗಿ ನೆಲೆಸಿದರು. ಇನ್ನೂ ಮುಖ್ಯವಾದದ್ದು, ಕ್ರೈಸ್ತವಾದ ಹಳ್ಳಿಗಳಲ್ಲೂ ಊರ ಜಮೀನನ್ನು ಮನೆತನಗಳು ಕೂಡಿ ನೋಡಿಕೊಳ್ಳುವ ಗಾಂವಕರಿ ಪದ್ಧತಿ ಅಳಿಯಲಿಲ್ಲ. ಹೆಸರು ಬದಲಿಸಿಕೊಂಡ ಅದೇ ಮನೆತನಗಳು ಅದೇ ಹೊಲಗಳನ್ನು ಹಂಚಿಕೊಂಡವು. ಬಿಜಾಪುರದ ಸುಲ್ತಾನನ ಬಳಿ ಇಂಥ ಯಂತ್ರ ಯಾವ ಮತದ ಹೆಸರಿನಲ್ಲೂ ಇರಲಿಲ್ಲ. ಕಾಜಿ ಪಟ್ಟಣಗಳಲ್ಲಿದ್ದ, ಸೂಫಿ ತನಗೆ ತಿಳಿದ ಹಾದಿಯಲ್ಲಿದ್ದ. ಕ್ರೈಸ್ತನಾಗಿದ್ದರೆ ಆ ಯಂತ್ರವನ್ನು ಅವನು ಗೋವೆಯಿಂದ ಸಾಲ ತರಬೇಕಿತ್ತು, ತಂದ ದಿನ ಯಂತ್ರದ ಒಡೆಯರೇ ರಾಜ್ಯದ ಒಡೆಯರಾಗುತ್ತಿದ್ದರು. ಧರ್ಮಪಾಲನಿಗೆ ಆದದ್ದು ಅದೇ.

ಕಠಿಣವಾದ ಆಕ್ಷೇಪ ಮನೆಯಂಗಳದಲ್ಲೇ ಇದೆ, ಮೊಹರಮ್ಮಿನ ರೂಪದಲ್ಲಿ. ಬಿಜಾಪುರ ಸೀಮೆಯ ಊರೂರಿನಲ್ಲಿ ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಪಂಜಾಗಳನ್ನು ಎಬ್ಬಿಸುತ್ತಾರೆ, ರಿವಾಯತ ಪದಗಳನ್ನು ಕನ್ನಡದಲ್ಲಿ ಹಾಡುತ್ತ ಹೆಜ್ಜೆ ಹಾಕುತ್ತಾರೆ. ಕರ್ಬಲಾದ ಶೋಕ ಇಲ್ಲಿಯ ಒಕ್ಕಲು ಮಗನ ಹರಕೆಯಾಗಿದೆ. ಶಿಯಾ ಅರಸರಿಲ್ಲದೆ ಇದು ಬರುತ್ತಿತ್ತೇ? ಬರುತ್ತಿರಲಿಲ್ಲ ಎಂದು ಒಪ್ಪಿಬಿಡುತ್ತೇನೆ. ಆದರೆ ಬಂದ ಬಗೆಯನ್ನು ನೋಡಬೇಕು. ಈ ಊರುಗಳ ಮುಸಲ್ಮಾನರಲ್ಲಿ ಬಹುಪಾಲು ಇಂದಿಗೂ ಸುನ್ನಿಗಳು. ಪಂಜಾ ಹೊರುವವರಲ್ಲಿ, ಹೆಜ್ಜೆ ಹಾಕುವವರಲ್ಲಿ ಲಿಂಗಾಯತರು, ಕುರುಬರು, ತಳವಾರರು ಇರುತ್ತಾರೆ. ಅಂದರೆ ಪಂಥ ಬರಲಿಲ್ಲ, ದೇವರು ಬಂದ. ಗಾದಿ 1580ರ ನಂತರ ಸುನ್ನಿಯಾದರೂ, ವಂಶವೇ 1686ರಲ್ಲಿ ಅಳಿದರೂ ಅಲಾಯಿ ನಿಲ್ಲಲಿಲ್ಲ, ಏಕೆಂದರೆ ಅದನ್ನು ಹಳ್ಳಿಗೆ ತಂದವರು ಸಿಪಾಯಿಗಳು, ಫಕೀರರು, ಉಳಿಸಿಕೊಂಡವರು ಹಳ್ಳಿಯವರೇ. ಅರಮನೆ ಬೀಜ ಚೆಲ್ಲಿರಬಹುದು, ಯಾವುದನ್ನು ಬೆಳೆಯಲು ಬಿಡಬೇಕೆಂಬುದು ಹೊಲದ ಒಡೆಯನಿಗೆ ಸೇರಿದ್ದು. ಈ ಲೆಕ್ಕದಲ್ಲಿ ಕ್ರೈಸ್ತ ಆದಿಲ್‌ಶಾಹಿಯೊಂದು ಮೂವತ್ತು ನಲವತ್ತು ವರ್ಷ ಬಾಳಿದ್ದರೆ ಉಮದಿಯ ಜಾತ್ರೆಗಳ ಸಾಲಿಗೆ ಇನ್ನೊಬ್ಬ ಅವ್ವ ಸೇರಿಕೊಳ್ಳುತ್ತಿದ್ದಳು, ಕೈಯಲ್ಲಿ ಕೂಸು ಹಿಡಿದವಳು. ಯಲ್ಲಮ್ಮನಿಗೂ ದಾನಮ್ಮನಿಗೂ ಅವಳೇನೂ ಹೊರೆಯಾಗುತ್ತಿರಲಿಲ್ಲ. ಇಗರ್ಜಿಯ ಸಿದ್ಧಾಂತಿಗಳು ಅದನ್ನು ಕಂಡಿದ್ದರೆ ಹೌಹಾರುತ್ತಿದ್ದರು, ಅಲಾಯಿ ಕುಣಿತ ಕಂಡ ಮೌಲ್ವಿಗಳು ಹೌಹಾರಿದಂತೆಯೇ.

ಕ್ರೈಸ್ತರು ಆದಿಲ್‌ಶಾಹಿಯಲ್ಲಿ ಇರಲೇ ಇಲ್ಲವೆಂದಲ್ಲ. ಮುದಗಲ್ಲಿನ ಕನ್ನಡ ಕೆಥೊಲಿಕರ ಬೇರು ಆ ಕಾಲಕ್ಕೇ ಹೋಗುತ್ತದೆ. ಅವರಿಗಾಗಿ ಸುಲ್ತಾನ ಮತಾಂತರವಾಗಬೇಕಾಗಲಿಲ್ಲ. ಇನ್ನೂ ಸ್ವಾರಸ್ಯದ ಪ್ರಸಂಗ ಮಾತೆವುಸ್ ದೆ ಕಾಸ್ತ್ರೊನದು. ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮೂಲದ ಕ್ರೈಸ್ತ. ಗೋವೆಯ ಪಾದ್ರಿವರ್ಗ ಅವನನ್ನು ಮೇಲೇರಲು ಬಿಡದಿದ್ದಾಗ ನೇರ ರೋಮಿಗೆ ಹೋಗಿ, 1637ರಲ್ಲಿ ಬಿಷಪ್ಪನಾಗಿ ಆದಿಲ್‌ಶಾಹಿ ರಾಜ್ಯದ ಹೊಣೆ ಹೊತ್ತು ಮರಳಿದ. ಡಿಚೋಲಿಯಲ್ಲಿ ಸುಲ್ತಾನ ಮಹಮ್ಮದನ ನೆರಳಿನಲ್ಲಿ ಕೂತು, ಪೋರ್ಚುಗೀಜರ ವಿರುದ್ಧವೇ ಸುಲ್ತಾನನನ್ನು ಎತ್ತಿಕಟ್ಟಿದ. ರೋಮಿನ ಬಿಷಪ್ಪನಿಗೆ ಗೋವೆಯ ಕ್ರೈಸ್ತ ದೊರೆತನಕ್ಕಿಂತ ಬಿಜಾಪುರದ ಮುಸಲ್ಮಾನ ದೊರೆತನ ಹಿತವಾಯಿತು. ಕ್ರೈಸ್ತ ಬಿಜಾಪುರವೊಂದನ್ನು ಕನಸುವವರು ಈ ಮನುಷ್ಯನನ್ನು ನೆನೆಯಬೇಕು. ಆ ರಾಜ್ಯ ಗೋವೆಯ ಮಿತ್ರನಾಗುತ್ತಿತ್ತೆಂಬ ಭರವಸೆಗೆ ಆಧಾರವಿಲ್ಲ.

ಹಾಗಾದರೆ ಏನೂ ಬದಲಾಗುತ್ತಿರಲಿಲ್ಲವೇ? ಬದಲಾಗುತ್ತಿತ್ತು, ನಾವು ನೋಡುವ ಕಡೆಯಲ್ಲಲ್ಲ. ಬೀಗತನದ ಮಾತು ಮೊದಲೇ ಎತ್ತಿದೆ. 1564ರ ಸುಮಾರಿಗೆ ಅಲಿ ಆದಿಲ್‌ಶಾಹ ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು ಚಾಂದಬೀಬಿಯನ್ನು ಮದುವೆಯಾದ. ಅಲಿಯ ತಂಗಿ ನಿಜಾಮಶಾಹನ ಮಗನ ಮನೆ ಸೇರಿದಳು. ಚಾಂದಬೀಬಿಯ ಬಳುವಳಿಯಾಗಿ ಬಂದದ್ದು ಸೊಲ್ಲಾಪುರದ ಕೋಟೆ. ಎರಡು ರಾಜ್ಯಗಳು ತಲೆಮಾರುಗಟ್ಟಲೆ ಕಾದಾಡಿದ ಗಡಿಯ ಕೋಟೆ ಅದು. ಇದೇ ಕೋಟೆಯ ಆಸೆಗೆ ಅಲಿ ಕೆಲವೇ ವರ್ಷಗಳ ಹಿಂದೆ ರಾಮರಾಯನ ಸಹಾಯ ಬೇಡಿದ್ದ. ಮದುವೆಯಿಂದ ಕೋಟೆ ಬಂತು, ವಿಜಯನಗರದ ವಿರುದ್ಧ ಸುಲ್ತಾನರ ಕೂಟ ಕಟ್ಟಿತು, 1565ರ ಜನವರಿಯಲ್ಲಿ ರಾಮರಾಯನ ತಲೆ ಉರುಳಿತು. ಕ್ರೈಸ್ತನಾದ ಅಲಿಗೆ ಹುಸೇನ್ ಮಗಳನ್ನು ಕೊಡುತ್ತಿರಲಿಲ್ಲ. ಕೊಡದಿದ್ದರೆ ಸೊಲ್ಲಾಪುರವಿಲ್ಲ, ಆ ಕೂಟವೂ ಇಲ್ಲ. ವಿಜಯನಗರ ಆ ಹೊತ್ತಿಗೆ ಬೀಳುತ್ತಿರಲಿಲ್ಲವೆಂದು ಸಂತೋಷಪಡುವವರು ಪಡಲಿ. ಉಮದಿಯ ಲೆಕ್ಕ ಬೇರೆ. ಊರಿರುವುದು ಬಿಜಾಪುರಕ್ಕೂ ಭೀಮೆಗೂ ನಡುವೆ, ಸೊಲ್ಲಾಪುರಕ್ಕೆ ಹೋಗುವ ದಂಡುಗಳ ಸೀಮೆಯಲ್ಲಿ. ಕೋಟೆ ಶತ್ರುವಿನ ಕೈಯಲ್ಲೇ ಉಳಿದಿದ್ದರೆ ಭೀಮೆಯ ಈಚೆ ದಡವೇ ಗಡಿಯಾಗಿ, ಸುಗ್ಗಿಗೆ ಸುಗ್ಗಿ ಇತ್ತಂಡದ ಸವಾರರು ಈ ಹೊಲಗಳಲ್ಲೇ ಮೇವು ಹುಡುಕುತ್ತಿದ್ದರು. ಅಂಥದ್ದು ಹೇಗಿರುತ್ತದೆಂಬುದನ್ನು ಈ ಸೀಮೆ ಒಂದು ಶತಮಾನದ ನಂತರ ಕಂಡೇ ಕಂಡಿತು: 1673ರಲ್ಲಿ ಇದೇ ಉಮರಾಣಿಯ ಬಳಿ ಶಿವಾಜಿಯ ಸೇನಾಪತಿ ಪ್ರತಾಪರಾವ್ ಗುಜರ್ ಬಿಜಾಪುರದ ಪಠಾಣ ಸರದಾರ ಬಹಲೋಲ್ ಖಾನನ ಸೈನ್ಯವನ್ನು ನೀರಿನಿಂದ ಬೇರ್ಪಡಿಸಿ ಬಗ್ಗಿಸಿದ. ನೀರೇ ಕಡಿಮೆಯಿರುವ ನಾಡಿನಲ್ಲಿ ಒಂದು ಸೈನ್ಯ ಇನ್ನೊಂದರ ನೀರು ಕಟ್ಟಿದಾಗ ಊರಿನ ದನಕರುಗಳು ಎಲ್ಲಿ ಕುಡಿದವೆಂಬುದನ್ನು ಯಾವ ಬಖರಿನ ಲೇಖಕನೂ ಬರೆಯುವ ಗೋಜಿಗೆ ಹೋಗಲಿಲ್ಲ.

ಮಂಗಳವೇಢೆಯ ದಾಮಾಜಿಪಂತನ ಕಥೆ ಈ ಸೀಮೆಯ ಬಾಯಲ್ಲಿ ಇಂದಿಗೂ ಇದೆ. ಬರಗಾಲದಲ್ಲಿ ಬೀದರದ ಸುಲ್ತಾನನ ಕಣಜ ಒಡೆದು ಹಂಚಿದ ಅಧಿಕಾರಿಗಾಗಿ ಪಂಢರಪುರದ ವಿಠ್ಠಲ ಹೊಲೆಯನ ವೇಷದಲ್ಲಿ ಹೋಗಿ ದರಬಾರಿಗೆ ಹಣ ಕಟ್ಟಿ ರಸೀದಿ ತಂದನಂತೆ. ಕಥೆ ದಂತಕಥೆಯೇ. ಆದರೆ ಸುಲ್ತಾನನ ಬಗ್ಗೆ ಹಳ್ಳಿ ಏನನ್ನು ನೆನಪಿಟ್ಟಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಅವನು ಯಾವ ದಿಕ್ಕಿಗೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದ ಎಂಬುದು ಆ ಕಥೆಯಲ್ಲಿ ಬರುವುದೇ ಇಲ್ಲ. ಬರುವುದು ಕಣಜದ ಬೀಗ, ಕಟ್ಟಬೇಕಾದ ಬಾಕಿ ಮತ್ತು ಬಾಕಿ ಸಂದಿದ್ದಕ್ಕೆ ಕೊಟ್ಟ ರಸೀದಿ.